ನವಿಲುಬಣ್ಣದ ಗುಂಡು

ಫೆಬ್ರವರಿ ಹನ್ನೊಂದರ ಬೆಳಿಗ್ಗೆ 8.40ಕ್ಕೆ ನೆರಿಯದ ನೀಲಾವತಿ ಭುಜದ ಗಾಯಕ್ಕೆ ಬೈರಾಸು ಸುತ್ತಿಕೊಂಡು ಠಾಣೆಗೆ ಬಂದರು. ರಬ್ಬರ್ ಹಾಲು ತೆಗೆಯುವಾಗ ಏನೋ ಭುಜ ಸವರಿಕೊಂಡು ಹೋಗಿ ಮರಕ್ಕೆ ಹೊಕ್ಕಿತ್ತು.

"ಶಬ್ದ ಕೇಳಲಿಲ್ವಾ?" ಎಂದರು ಇನ್‌ಸ್ಪೆಕ್ಟರ್ ನಿತ್ಯಾನಂದ.

"ಕೇಳಿತು ಸರ್. ಆನೆ ಓಡಿಸುವ ಗರ್ನಾಲು ಪಟಾಕಿ ಅಂತ ಗ್ರಹಿಸಿದೆ. ಒಂದು ತಿಂಗಳಿಂದ ಕೇಳ್ತಾ ಉಂಟು."

ಊರಿಗೆ ಊರೇ ಹಾಗೆ ಗ್ರಹಿಸಿತ್ತು. ಗರ್ನಾಲಿಗೆ ಆನೆ ಹೆದರುತ್ತಿತ್ತೋ ಇಲ್ಲವೋ, ಜನ ಮಾತ್ರ ಆ ಸದ್ದಿಗೆ ಕಿವಿಗೊಡುವುದನ್ನೇ ಬಿಟ್ಟಿದ್ದರು.

ಎಫ್‌ಐಆರ್ ಆಯಿತು. 11.15ಕ್ಕೆ ಪಂಚನಾಮೆ ಮಾಡಿ ಮರದಿಂದ ಗುಂಡನ್ನು ಕೆತ್ತಿ ತೆಗೆದರು. ಮನೆಯಲ್ಲೇ ಎರಕ ಹೊಯ್ದ ಸೀಸ; ಮೇಲೆ ನವಿಲುಬಣ್ಣದ ತೆಳು ಲೇಪ.

ಕಾನ್‌ಸ್ಟೆಬಲ್ ಬಾಸಿತ್ ಉಗುರಿನಲ್ಲಿ ಕೆರೆದು ನೋಡಿದ. "ಇದು ಬಳಿದದ್ದಲ್ಲ ಸರ್, ಬೇಯಿಸಿದ ಬಣ್ಣ. ಗೇಟಿಗೆ ಮಾಡ್ತಾರಲ್ಲ, ಪೌಡರ್ ಕೋಟಿಂಗ್."

ಮರುದಿನ ಫರಂಗಿಪೇಟೆಯಲ್ಲಿ ಆ ಕೆಲಸ ಮಾಡುವ ಮೊಯಿದಿನಬ್ಬ ಗುಂಡಿನ ಫೋಟೊ ನೋಡಿ ನಕ್ಕರು. "ಈ ಬಣ್ಣ ಯಾರಿಗೆ ಬೇಕು ಸರ್? ಒಬ್ಬರೇ ಗೇಟಿಗೆ ಹಾಕಿಸಿದ್ದು. ಉಳಿದ ಬಣ್ಣದ ಹುಡಿಯನ್ನೂ ಕೇಳಿ ತಗೊಂಡು ಹೋದರು. ನೆರಿಯದ ಧನರಾಜ್."

ನಿತ್ಯಾನಂದರು ಠಾಣೆಯ ಬಂದೂಕು ರಿಜಿಸ್ಟರ್ ತೆಗೆಸಿದರು. ಧನರಾಜನ ತಂದೆ ಡೊಂಬಯ್ಯನ ಹೆಸರಿನಲ್ಲಿ ಒಂದು ರಿವಾಲ್ವರ್ ಇತ್ತು. ಎರಡು ವರ್ಷದ ಹಿಂದೆ ಆನೆ ತುಳಿದು ಡೊಂಬಯ್ಯ ಸತ್ತ ಮೇಲೆ ಅದು ಠಾಣೆಗೆ ಬಂದಿರಲಿಲ್ಲ. ಕಾಡಿನಲ್ಲಿ ಬಿದ್ದುಹೋಯಿತೆಂದು ಮಗ ಬರೆದುಕೊಟ್ಟಿದ್ದ.

ಸಂಜೆ 4.30ಕ್ಕೆ ಅವನ ನವಿಲುಬಣ್ಣದ ಗೇಟು ತೆರೆಯಿತು. ಹಿತ್ತಿಲಿನ ಮಣ್ಣಿನ ದರೆಗೆ ಒದ್ದೆ ಪೇಪರಿನ ಕಟ್ಟುಗಳನ್ನು ಒರಗಿಸಿಟ್ಟಿದ್ದ. ದರೆಯಾಚೆ ನೀಲಾವತಿ ಹೋಗುವ ರಬ್ಬರ್ ತೋಟ. ಧನರಾಜ್ ಏನೂ ಮುಚ್ಚಿಡದೆ ರಿವಾಲ್ವರನ್ನೂ ಒಂದು ನೋಟ್‌ಬುಕ್ಕನ್ನೂ ತಂದುಕೊಟ್ಟ. ನಲವತ್ತೊಂದು ಪರೀಕ್ಷೆ; ಪ್ರತಿಯೊಂದರ ಮುಂದೆ ಗುಂಡು ಒದ್ದೆ ಕಾಗದದಲ್ಲಿ ಎಷ್ಟು ಇಂಚು ಇಳಿಯಿತೆಂಬ ಲೆಕ್ಕ. ಕೊನೆಯದು ಹನ್ನೊಂದರ ಬೆಳಗಿನದು; ಅದರ ಮುಂದೆ ಬರೆದಿತ್ತು: ಗುರಿ ತಪ್ಪಿತು.

"ಯಾಕೆ ಇದೆಲ್ಲ?" ಎಂದರು ನಿತ್ಯಾನಂದ.

"ಆ ದಿನ ಅಪ್ಪ ಮೂರು ಸಲ ಟ್ರಿಗರ್ ಒತ್ತಿದ್ರೂ ತೋಟೆ ಸಿಡಿಯಲಿಲ್ಲ ಸರ್. ಹಳೇ ಮಾಲು. ಸೀಸ ನಳಿಗೆಗೆ ಅಂಟಬಾರದು ಅಂತ ಬಣ್ಣ ಬೇಯಿಸಿ ನಾನು ಮಾಡಿದ್ದು ಒಂದೂ ಕೈಕೊಟ್ಟಿಲ್ಲ."

"ನಲವತ್ತೊಂದನೆಯದು ನೀಲಾವತಿಗೆ ತಾಗಿದೆ. ನಾಲ್ಕು ಬೆರಳು ಆಚೆ ಹೋಗಿದ್ದರೆ ಕುತ್ತಿಗೆ."

ಧನರಾಜ್ ಮೆಟ್ಟಿಲ ಮೇಲೆ ಕುಳಿತ. ಬಾಸಿತ್ ತಂದ ನೀರನ್ನು ಮುಟ್ಟಲಿಲ್ಲ.

"ಅಪ್ಪ ಆನೆಯ ಎದುರು ಓಡಿದ್ದೇ ನೀಲಾವತಿಯಕ್ಕನನ್ನು ಉಳಿಸಲಿಕ್ಕೆ ಸರ್."

5.10ಕ್ಕೆ ನಿತ್ಯಾನಂದರು ಅವನನ್ನು ದಸ್ತಗಿರಿ ಮಾಡಿ, ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿದರು.