ಒಂಬತ್ತು ಸಾವಿರ ಹೆಜ್ಜೆ

"ಹತ್ತೋಣ ಬನ್ನಿ ಅಪ್ಪ, ಇನ್ನೂರು ಮೆಟ್ಟಿಲು ನಿಮಗ್ಯಾವ ಲೆಕ್ಕ?"

ಪಾರ್ಕಿನ ಗುಡ್ಡದ ಬುಡದಲ್ಲಿ ನಿಂತು ಅಮ್ಮ ಮೊಬೈಲ್ ತೋರಿಸಿದಳು. "ನಿನ್ನೆ ನೀವು ನಡೆದಿದ್ದು ಒಂಬತ್ತು ಸಾವಿರ ಹೆಜ್ಜೆ. ಮೊನ್ನೆ ಎಂಟೂವರೆ."

ತಾತ ಮೆಟ್ಟಿಲುಗಳನ್ನು ನೋಡಿದರು. ಆಮೇಲೆ ಮೊಮ್ಮಗಳನ್ನು ನೋಡಿದರು.

ಅವಳು ತನ್ನ ಖಾಲಿ ಮಣಿಕಟ್ಟನ್ನು ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ. ಒಂದು ಗಳಿಗೆಯೂ ಸುಮ್ಮನಿರುವವಳಲ್ಲ ಎಂದು ತಾತ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದರು. ಆ ಮಿಡತೆ ಇವತ್ತು ಅಲ್ಲಾಡದೆ ನಿಂತಿದ್ದಳು.

ಎರಡು ತಿಂಗಳ ಹಿಂದೆ ತಾತನಿಗೆ ಹೃದಯದ ಆಪರೇಷನ್ ಆಗಿತ್ತು. ದಿನಾ ಸಂಜೆ ನಿಧಾನವಾಗಿ ನಡೆಯಬೇಕು, ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎಂದಿದ್ದರು ಡಾಕ್ಟರ್. ಅಮ್ಮನಿಗೆ ಮೆಡಿಕಲ್ ಶಾಪಿನ ಕೆಲಸ ಮುಗಿಯುವುದೇ ಎಂಟು ಗಂಟೆಗೆ. ಅದಕ್ಕೇ ತಾತನ ಕೈಗೆ ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿ, ಮಿಡತೆಯನ್ನು ಜೊತೆಗೆ ಕಳಿಸುತ್ತಿದ್ದಳು. ಎಷ್ಟು ಹೆಜ್ಜೆಯಾಯಿತು ಎಂಬುದು ಅಮ್ಮನ ಮೊಬೈಲಿಗೇ ಬರುತ್ತಿತ್ತು.

ತಾತನಿಗೋ ಬೆಂಚಿನ ಮೇಲೆ ಟೈಲರ್ ಮಾವನ ಜೊತೆ ಚೆಸ್ ಆಡುವಾಸೆ. ಮಿಡತೆಗೆ ಗೆಳತಿಯರ ಜೊತೆ ಓಡುವಾಸೆ.

"ಹೇಗೂ ಓಡ್ತೀಯಲ್ಲ, ಇದನ್ನ ನೀನೇ ಕಟ್ಕೊಂಡು ಓಡು," ಎಂದು ತಾತ ಒಂದು ಸಂಜೆ ಬ್ಯಾಂಡ್ ಬಿಚ್ಚಿ ಕೊಟ್ಟರು. "ಇಬ್ಬರ ಬಾಯಿಗೂ ಬೀಗ. ಸರೀನಾ?"

ಎರಡು ವಾರ ಇಬ್ಬರಿಗೂ ಮಜವೋ ಮಜ. ಆದರೆ ಅಮ್ಮ ಆ ಲೆಕ್ಕವನ್ನೆಲ್ಲ ಡಾಕ್ಟರಿಗೆ ತೋರಿಸಿದಳು. ಅವರು ಖುಷಿಯಾಗಿ, ಇನ್ನು ಮೆಟ್ಟಿಲೂ ಹತ್ತಬಹುದು ಎಂದುಬಿಟ್ಟರು. ಇವತ್ತು ಅಮ್ಮನಿಗೆ ರಜ. ಗುಡ್ಡದ ಮೇಲಿಂದ ಇಡೀ ಊರು ಕಾಣುತ್ತದೆಂದು ಇಬ್ಬರನ್ನೂ ಹೊರಡಿಸಿಕೊಂಡು ಬಂದಿದ್ದಳು.

"ಏನ್ರೀ, ಇವತ್ತು ಬೆಂಚು ಬಿಟ್ಟು ಎದ್ದಿದ್ದೀರಿ?" ಚೆಸ್ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಬಂದ ಟೈಲರ್ ಮಾವ ಕೇಳಿದರು.

ತಾತ ಅವಸರದಲ್ಲಿ ಕೈಬೀಸಿ ಮೊದಲ ಮೆಟ್ಟಿಲು ಹತ್ತಿಯೇಬಿಟ್ಟರು.

"ಪಾಪ, ನೀವು ನಡೆಯೋದು ನೋಡಿ ಅವರಿಗೆ ಹೊಟ್ಟೆಕಿಚ್ಚು," ಎಂದು ನಕ್ಕು ಅಮ್ಮ ಮುಂದೆ ಹೋದಳು.

ಮಿಡತೆ ಮೆಟ್ಟಿಲು ಎಣಿಸತೊಡಗಿದಳು. ಇಪ್ಪತ್ತರಲ್ಲಿ ತಾತ ಒಂದು ಹಕ್ಕಿ ನೋಡಲು ನಿಂತರು. ಹಕ್ಕಿ ಎಲ್ಲೂ ಇರಲಿಲ್ಲ. ಮೂವತ್ತೈದರಲ್ಲಿ ಶೂ ಲೇಸ್ ಬಿಚ್ಚಿದೆ ಎಂದರು. ಲೇಸ್ ಸರಿಯಾಗೇ ಇತ್ತು.

"ತಾತ, ಹೇಳ್ಬಿಡೋಣ," ಎಂದು ಅವಳು ಪಿಸುಗುಟ್ಟಿದಳು.

"ಸುಮ್ನಿರು. ನಿಂಗೆ ಬೈಗುಳ ಬೀಳುತ್ತೆ."

ನಲವತ್ತೆಂಟು. ತಾತ ಅವಳ ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ಅವರ ಉಸಿರು ಒಂದು ಮೆಟ್ಟಿಲು ಹಿಂದೆಯೇ ಉಳಿದಂತೆ ಕೇಳಿಸುತ್ತಿತ್ತು. ಮಿಡತೆಗೆ ಭಯವಾಯಿತು. ಬೈಗುಳದ ಭಯವಲ್ಲ, ಬೇರೆ ಭಯ.

"ಬೇಗ ಬನ್ನಿ, ಇನ್ನೂ ಬೇಕಾದಷ್ಟಿದೆ," ಎಂದು ಮೇಲಿನಿಂದ ಅಮ್ಮ ಕರೆದಳು.

ತಾತ ಕಾಲೆತ್ತಿದರು. ಮಿಡತೆ ಅವರ ಕೈಯನ್ನು ಹಿಂದಕ್ಕೆಳೆದಳು.

"ಅಮ್ಮಾ, ಆ ಒಂಬತ್ತು ಸಾವಿರ ತಾತಂದಲ್ಲ. ನಂದು. ಬ್ಯಾಂಡ್ ನಾನು ಕಟ್ಕೊಳ್ತಿದ್ದೆ. ತಾತ ನಡೀತಾನೇ ಇರ್ಲಿಲ್ಲ."

ಅಮ್ಮನ ಮುಖ ಬಿಳುಚಿಕೊಂಡಿತು. ಮೆಟ್ಟಿಲುಗಳನ್ನು ದಡದಡನೆ ಇಳಿದು ಬಂದಳು. ಮಿಡತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಅಮ್ಮ ತಾತನನ್ನು ಕೂರಿಸಿ, ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡುತ್ತಿದ್ದಳು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹೇಳಿದಂತೆ ಮೂವರೂ ಅರ್ಧ ಗಂಟೆ ಅಲ್ಲೇ ಕೂತರು. ತಾತನ ಉಸಿರು ನಿಧಾನವಾಗಿ ಹದಕ್ಕೆ ಬಂತು.

"ಐಡಿಯಾ ನಂದೇ ಕಣಮ್ಮ. ಮಗೂನ ಬೈಬೇಡ," ಎಂದರು ತಾತ.

"ದಿನಾ ಈ ನಂಬರ್ ನೋಡ್ಕೊಂಡು ಅಂಗಡೀಲಿ ಎಲ್ಲರಿಗೂ ಹೇಳ್ತಿದ್ದೆ, ನಮ್ಮಪ್ಪ ಹುಷಾರಾದ್ರು ಅಂತ," ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮಿಡತೆಗೆ.

ಮೂರು ದಿನ ಕಳೆದ ಮೇಲೆ, ಡಾಕ್ಟರ್ ಮತ್ತೆ ನೋಡಿ ಒಪ್ಪಿದ ಮೇಲೆ, ತಾತ ಪಾರ್ಕಿಗೆ ಬಂದರು. ಬ್ಯಾಂಡ್ ಅವರ ಕೈಯಲ್ಲೇ ಇತ್ತು.

"ಬಾರೇ, ಒಬ್ಬಳು ಕಮ್ಮಿ ಇದ್ದಾಳೆ," ಎಂದು ಗೆಳತಿಯರು ಕೂಗಿದರು.

"ಆಮೇಲೆ," ಎಂದಳು ಮಿಡತೆ. ಅವಳ ಕಾಲುಗಳು ಮಾತ್ರ ಅತ್ತಲೇ ಎಳೆಯುತ್ತಿದ್ದವು.

ಒಂದು ಬೆಂಚು, ಎರಡು ಬೆಂಚು. ಮೂರನೆಯ ಬೆಂಚಿನ ಮೇಲೆ ತಾತ ಕೂತು ಬೆವರು ಒರೆಸಿಕೊಂಡರು. ಬ್ಯಾಂಡನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಮಿಡತೆ ಆ ಕೈಯನ್ನು ಮೆಲ್ಲಗೆ ಸರಿಸಿ ನೋಡಿದಳು. ಇನ್ನೂರ ಹನ್ನೆರಡು.

"ಇಷ್ಟೇನಾ ಅಂತಾಳೆ ನಿಮ್ಮಮ್ಮ."

"ಅನ್ನಲ್ಲ ತಾತ."

ಒಂಬತ್ತು ಸಾವಿರ ಹೆಜ್ಜೆ ಅವಳು ನಗುನಗುತ್ತಾ ಓಡಿದ್ದಳು. ಎಷ್ಟಾಯಿತೆಂದು ಒಮ್ಮೆಯೂ ನೋಡಿರಲಿಲ್ಲ. ಈ ಇನ್ನೂರ ಹನ್ನೆರಡನ್ನು ಮಾತ್ರ ಒಂದೊಂದಾಗಿ ನೋಡಿದ್ದಳು.

"ನೀನು ಹೋಗಿ ಆಡ್ಕೋ," ಎಂದರು ತಾತ, ಉಸಿರೆಳೆದುಕೊಳ್ಳುತ್ತಾ. "ನಾನು ಏಳೋದು ಸ್ವಲ್ಪ ಹೊತ್ತಾಗುತ್ತೆ."

"ಆಗ್ಲಿ ಬಿಡು."

ಮಿಡತೆ ಅವರ ಪಕ್ಕದಲ್ಲಿ ಕೂತಳು. ಕಾಲು ಕೂಡ ಅಲ್ಲಾಡಿಸಲಿಲ್ಲ.