ಚೆಲುವಿಯ ಗಂಟಲಿನ ಗಾಳ

ಬಹಳ ಹಿಂದೆ, ಹೊಳೆಗಳಿಗೂ ಮಾತು ಕೇಳಿಸುತ್ತಿದ್ದ ಕಾಲದಲ್ಲಿ, ಸೋನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ದೊಡ್ಡ ಮಡುವಿನ ಬಂಡೆಯ ಮೇಲೆ ಒಬ್ಬ ಮಾಟಗಾರ ಕೂತಿರುತ್ತಿದ್ದ. ನೀರಿಗೆ ಬಂದ ಮೂವರನ್ನು ಅವನು ಆಳುದ್ದದ ಬಾಳೆಮೀನು ಮಾಡಿ, ಗಾಳಕ್ಕೆ ಸಿಕ್ಕಿಸಿಟ್ಟಿದ್ದ. ಒಬ್ಬ ರಾಜನ ತಮ್ಮ, ಒಬ್ಬ ಕುಂಬಾರ, ಮೂರನೆಯವಳು ಬೆಸ್ತರ ಸಣ್ಣೀರನ ಹೆಂಡತಿ ಚೆಲುವಿ.

ಬಂದವರಿಗೆಲ್ಲ ಅವನು ಹೇಳುತ್ತಿದ್ದ ಷರತ್ತು ಇದು: ಒಂದೇ ಹಗಲಿನಲ್ಲಿ, ಸಂಜೆಯೊಳಗೆ ಮೂರನ್ನೂ ಗಾಳದ ದಾರದಿಂದ ಬಿಡಿಸಿದರೆ ಮಾಟ ಮುರಿಯುತ್ತದೆ. ಆದರೆ ಯಾರ ಕೈಗೆ ಗಾಳ ಚುಚ್ಚಿ ಒಂದು ಹನಿ ರಕ್ತ ಬರುತ್ತದೋ ಅವರೂ ಮೀನಾಗುತ್ತಾರೆ. ಆಗಲೇ ಹನ್ನೊಂದು ಮಂದಿ ಬೆಸ್ತರು ಹಾಗೆ ಮೀನಾಗಿದ್ದರು. ಮೀನಿನ ಬಾಯಲ್ಲಿ ಗಾಳ ಬಿಟ್ಟು ಬಂದವನಿಗೆ ಅವರ ಕೇರಿಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಮತ್ತೇನು ಮಾಡಿಯಾರು, ಪಾಪ, ಎಲ್ಲರೂ ಬಾಯೊಳಗೆ ಕೈ ಹಾಕಿದವರೇ.

ಸಣ್ಣೀರ ಹೆಂಡತಿಯನ್ನು ಹುಡುಕುತ್ತ ಏಳು ಹಗಲು ಹೊಳೆದಡ ತುಳಿದು ಬಂದಿದ್ದ. ಆತುರಪಡಲು ಅವನಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಅದೇ ಒಳ್ಳೆಯದಾಯಿತೆನ್ನಿ.

ಮೊದಲನೆಯ ಮೀನು ಎಗರಾಡಿತು. ಅವನು ಅದನ್ನು ದಡಕ್ಕೆ ಎಳೆಯಲಿಲ್ಲ. ಸೊಂಟದವರೆಗೆ ನೀರಿಗಿಳಿದು, ಅದು ಸುಸ್ತಾಗುವ ತನಕ ತಾನೂ ಸುಸ್ತಾಗಿ ನಿಂತ. ಆಮೇಲೆ ಒದ್ದೆ ಬಟ್ಟೆಯಿಂದ ಅದರ ಕಣ್ಣು ಮುಚ್ಚಿ, ಇಕ್ಕಳದಿಂದ ಗಾಳ ಬಿಡಿಸಿದ.

ಎರಡನೆಯದರ ದಾರದಲ್ಲಿ ಎರಡು ಗಾಳಗಳಿದ್ದವು. ಒಂದು ಬಾಯಲ್ಲಿ, ಇನ್ನೊಂದು ಹೊರಗೆ ತೂಗಾಡುತ್ತಿತ್ತು. ಕೈಗೆ ಚುಚ್ಚುವುದು ಯಾವಾಗಲೂ ಆ ಹೊರಗಿನದೇ. ಸಣ್ಣೀರ ಮೊದಲು ಅದನ್ನು ಬಂಡೆಗೆ ತಗುಲಿ ತೇಲುತ್ತಿದ್ದ ಬಾಳೆದಿಂಡಿಗೆ ಚುಚ್ಚಿಟ್ಟು, ಆಮೇಲೆ ಬಾಯಲ್ಲಿದ್ದುದನ್ನು ಇಕ್ಕಳದಿಂದ ತೆಗೆದ.

ಮೂರನೆಯದು ಚೆಲುವಿ. ಗಾಳ ಗಂಟಲೊಳಗೆ ಇಳಿದು ಹೋಗಿ ಕಾಣುತ್ತಲೇ ಇರಲಿಲ್ಲ. ಇಕ್ಕಳ ಅಲ್ಲಿಯವರೆಗೆ ಎಟುಕಲಿಲ್ಲ. ಹೊತ್ತು ಇಳಿಯುತ್ತಿತ್ತು.

"ಕಟ್ಟಿಕೊಂಡವಳ ಗಂಟಲಲ್ಲಿ ಕಬ್ಬಿಣ ಬಿಟ್ಟು ಹೋಗುತ್ತೀಯೇನೋ? ಕೈ ಹಾಕು," ಎಂದ ಮಾಟಗಾರ.

ಸಣ್ಣೀರನ ಕೈ ಅವಳ ಬಾಯಿಯವರೆಗೂ ಹೋಯಿತು. ಒಳಗೆ ಸಾಲು ಸಾಲು ಹಲ್ಲು. ಅವನಿಗೆ ಅಳು ಬಂತು. ಕೈ ಹಿಂದಕ್ಕೆ ತೆಗೆದುಕೊಂಡ.

"ನಾನೂ ಮೀನಾದ್ರೆ ಇವಳ್ನ ಬುಡ್ಸೋರ್ಯಾರು? ಕೇರಿಯೋರು ಏನಾರ ಅಂದ್ಕೊಳ್ಳಿ," ಎಂದು ಕುಡುಗೋಲು ತೆಗೆದು, ದಾರವನ್ನು ಅವಳ ತುಟಿಯ ಹತ್ತಿರವೇ ಕೊಯ್ದುಬಿಟ್ಟ. ಮೂರೂ ಮೀನು ದಾರದಿಂದ ಬಿಟ್ಟಂತಾಯಿತು; ಗಾಳ ತೆಗೆಯಬೇಕೆಂದು ಷರತ್ತಿನಲ್ಲಿ ಇರಲೇ ಇಲ್ಲ.

ಮಾಟಗಾರ ಸಿಟ್ಟಿಗೆದ್ದು, ಹೊಸದಾಗಿ ಗಾಳ ಹಾಕುತ್ತೇನೆಂದು ದಿಂಡಿನಲ್ಲಿದ್ದುದನ್ನು ಬರಿಗೈಯಲ್ಲಿ ಕಿತ್ತ. ಜನ್ಮದಲ್ಲಿ ಒಂದು ಗಾಳವನ್ನೂ ಬಿಡಿಸಿದವನಲ್ಲ. ಹೆಬ್ಬೆರಳಿಗೆ ನೆಟ್ಟಿತು, ಒಂದು ಹನಿ ರಕ್ತ ಬಂತು. ಬೆರಳುದ್ದದ ಮೀನೊಂದು ಬಂಡೆಯಿಂದ ನೀರಿಗೆ ಜಾರಿತು.

ಹದಿನಾಲ್ಕು ಮಂದಿ ಮನುಷ್ಯರಾಗಿ ದಡ ಹತ್ತಿದರು. ಸಣ್ಣೀರನಿಗೆ ಮೆರವಣಿಗೆ ಮಾಡಿಸುತ್ತೇನೆಂದು ರಾಜನ ತಮ್ಮ ಹೇಳಿದ. ಕಾಲು ಬರುವುದಿಲ್ಲ, ಮಲಗಲು ಬಿಟ್ಟರೆ ಸಾಕು ಎಂದ ಇವನು. ಸೋನೆಗಿರಿಯಲ್ಲಿ ಆಮೇಲೆ ಎಲ್ಲರೂ ಚೆನ್ನಾಗಿಯೇ ಬಾಳಿದರು.

ಚೆಲುವಿಯ ಗಂಟಲಲ್ಲಿ ಮಾತ್ರ ಗಾಳ ಉಳಿದಿತ್ತು. ಅದು ತುಕ್ಕು ಹಿಡಿದು ಕರಗಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಸಣ್ಣೀರ ಗಂಜಿ ಆರಿಸಿ ಕೊಟ್ಟ. ಗಾಳ ಬಿಟ್ಟು ಬಂದವನೆಂದು ಕೇರಿಯವರು ಅವನನ್ನು ಆಡಿಕೊಂಡಾಗ ಅವಳೇ ಬಾಗಿಲಿಗೆ ಬಂದು, ಒಡಕು ದನಿಯಲ್ಲಿ ಹೇಳಿದಳು: "ಗಾಳ ಬುಟ್ಟಿದ್ದಕ್ಕೇ ಇವತ್ತು ನಿಮ್ಜೊತೆ ಮಾತಾಡ್ತಾ ಇವ್ನಿ."