ನೂರಾ ಹದಿನೆಂಟು

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಔಷಧ ಕಾರ್ಖಾನೆಯ ಲ್ಯಾಬ್ ಮುಖ್ಯಸ್ಥ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ತಪಾಸಣೆಗೆ ಬಂದವರ ಎದುರು ಅವನೇ ತನ್ನ ಮಾದರಿ ಬಾಟಲಿಯಿಂದ ಪುಡಿ ತೆಗೆದು ಕಾಯಿಸಿ ತೋರಿಸಿದ್ದ. ನೂರಾ ಇಪ್ಪತ್ತೆರಡು ಡಿಗ್ರಿಗೆ ಕರಗಬೇಕಾದ ಪುಡಿ ನೂರಾ ಹದಿನೆಂಟಕ್ಕೇ ಕರಗಿ ನೀರಾಯಿತು; ಎಂದರೆ ಪುಡಿ ಶುದ್ಧವಿಲ್ಲ. ಸಂಜೆಯೊಳಗೆ ಅಮಾನತಿನ ಕಾಗದ ಕೈಗೆ ಬಂತು.

"ನನ್ನ ಬಾಟಲಿಗೆ ಯಾರೋ ಏನೋ ಬೆರೆಸಿದ್ದಾರೆ ಸರ್. ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಯ್ತು."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಲ್ಯಾಬಿಗೆ ಹೋದರು. ಪಂಚರ ಎದುರು ಡ್ರಮ್ಮಿನಿಂದ ಹೊಸದಾಗಿ ಪುಡಿ ತೆಗೆಸಿದರು. ಪುಡಿ ತುಂಬುವ ಹೆಂಗಸನ್ನು ಎಲ್ಲರೂ ನಳಿಗೆ ಅಕ್ಕ ಎನ್ನುತ್ತಿದ್ದರು. ಅವಳು ಸೂಜಿಯಷ್ಟು ಸಪೂರದ ಗಾಜಿನ ನಳಿಗೆಗೆ ಪುಡಿ ಹಾಕಿ, ಎದೆಯೆತ್ತರದ ಕೊಳವೆಯೊಳಗೆ ಮೇಲಿಂದ ಬಿಟ್ಟಳು. ಕೆಳಗೆ ಟಿಕ್ ಎಂದಿತು. ಪುಡಿ ಗಟ್ಟಿಯಾಗಿ ಕೂತಿತು.

"ಉಳಿದವರು ಮೇಜಿಗೆ ಕುಟ್ತಾರಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಕುಟ್ಟಿದ್ರೆ ತುದಿ ಬಿರಿಯುತ್ತೆ ಸರ್. ಇದು ನಮ್ಮಣ್ಣ ಹೇಳಿಕೊಟ್ಟಿದ್ದು."

ಡ್ರಮ್ಮಿನ ಪುಡಿ ಸರಿಯಾಗಿ ನೂರಾ ಇಪ್ಪತ್ತೆರಡಕ್ಕೇ ಕರಗಿತು. ಕಲಬೆರಕೆಯಾದದ್ದು ಬಾಟಲಿಯಲ್ಲಿ ಮಾತ್ರ.

ಒಡೆದ ಗಾಜು ಹಾಕುವ ಡಬ್ಬಿಯಲ್ಲಿ ಹೆಡ್ ಕಾನ್‌ಸ್ಟೇಬಲ್‌ಗೆ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಒಂಬತ್ತು ಕರಗಿದ ನಳಿಗೆಗಳು, ಒಂದೊಂದಕ್ಕೂ ಚೀಟಿ: ನೂರಾ ಹತ್ತು, ಹದಿಮೂರು, ಇಪ್ಪತ್ತು... ಕೊನೆಯದು ನೂರಾ ಹದಿನೆಂಟು. ಒಂದರ ತುದಿಯೂ ಬಿರಿದಿರಲಿಲ್ಲ.

"ಕೆಡಿಸೋಕೆ ಒಂದು ಚಮಚ ಸುರಿದು ಹೋದ್ರೆ ಸಾಕಿತ್ತು ಸರ್. ಇವರು ಸಾರಿಗೆ ಉಪ್ಪು ನೋಡಿದ ಹಾಗೆ ನೋಡ್ಕೊಂಡು ಹಾಕಿದ್ದಾರೆ."

"ಅದೇ. ಹದಿನೆಂಟೇ ಯಾಕೆ ಬೇಕಿತ್ತು?"

ಇನ್ಸ್‌ಪೆಕ್ಟರ್ ಹಳೆಯ ದಾಖಲೆ ಪುಸ್ತಕಗಳನ್ನು ತರಿಸಿದರು. ಸಂಜೆ ನಾಲ್ಕಕ್ಕೆ ಹನ್ನೊಂದು ವರ್ಷದ ಹಿಂದಿನ ಪುಟ ಸಿಕ್ಕಿತು. ನೂರಾ ಹದಿನೆಂಟರ ಮೇಲೆಯೇ ತಿದ್ದಿ ಇಪ್ಪತ್ತೆರಡು ಮಾಡಲಾಗಿತ್ತು. ತಿದ್ದಿದ ಶಾಯಿಯೂ ಮುಖ್ಯಸ್ಥನ ಸಹಿಯ ಶಾಯಿಯೂ ಒಂದೇ ಹಸಿರು.

"ಆ ಪುಡಿಯ ಮಾತ್ರೆ ತಗೊಂಡ ಜನ ಹಾಸಿಗೆ ಹಿಡಿದ್ರು," ಎಂದ ಪುಸ್ತಕ ತಂದುಕೊಟ್ಟ ಗುಮಾಸ್ತ. "ಪರೀಕ್ಷೆ ಮಾಡಿದವನೇ ತಪ್ಪು ಓದಿದ ಅಂತ ಅವನನ್ನ ಹೊರಗೆ ಹಾಕಿದ್ರು. ಎಲ್ಲೂ ಕೆಲಸ ಸಿಗಲಿಲ್ಲ. ಕೊರಗಿ ಕೊರಗಿ ಸತ್ತ. ನಳಿಗೆ ಅಕ್ಕನ ಅಣ್ಣ ಅವನು."

ನಾಲ್ಕೂ ನಲವತ್ತಕ್ಕೆ ಅವಳನ್ನು ಬಂಧಿಸಿದರು. ಅವಳು ಏನನ್ನೂ ಮುಚ್ಚಿಡಲಿಲ್ಲ.

"ಅಣ್ಣನಿಗೆ ಕಣ್ಣು ಕಾಣಲ್ಲ ಅಂದ್ರು. ಅದೇ ಅಂಕೀನ ಮುಖ್ಯಸ್ಥರ ಬಾಯಲ್ಲೇ ಓದಿಸ್ಬೇಕಿತ್ತು ಸರ್. ಎಲ್ಲರ ಎದುರಿಗೆ."

"ಓದಿದರಾ?"

"ಎರಡು ಸಲ."

ಹಳೆಯ ಪುಸ್ತಕವೂ ಪಂಚನಾಮೆಗೆ ಸೇರಿತು. ಮುಖ್ಯಸ್ಥನನ್ನು ಮತ್ತೆ ಠಾಣೆಗೆ ಕರೆಸಲು ಇನ್ಸ್‌ಪೆಕ್ಟರ್ ಹೇಳಿಕಳಿಸಿದರು. ಈ ಸಲ ದೂರುದಾರನಾಗಿ ಅಲ್ಲ.

ಹೇಳಿಕೆ ಬರೆಯುತ್ತಿದ್ದ ಹೆಡ್ ಅವಸರದಲ್ಲಿ ನೂರಾ ಹದಿನೆಂಟರ ಬದಲು ನೂರಾ ಇಪ್ಪತ್ತೆಂಟು ಎಂದು ಬರೆದು, ಅದರ ಮೇಲೆಯೇ ತಿದ್ದಲು ಹೋದ. ಅವಳು ಕೈ ಅಡ್ಡ ಇಟ್ಟಳು.

"ಮೇಲೆ ತಿದ್ದಬೇಡಿ ಅಣ್ಣಾ. ಒಂದು ಗೆರೆ ಹೊಡೀರಿ, ಪಕ್ಕದಲ್ಲಿ ಸರಿಯಾದದ್ದು ಬರೀರಿ, ಸಹಿ ಹಾಕಿ. ಲ್ಯಾಬಲ್ಲಿ ಅದೇ ನಿಯಮ."

ಹೆಡ್ ಹಾಗೆಯೇ ಬರೆದ. ಅವಳು ಅಂಕಿಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದಳು.